ರುಚಿ ನೋಡದೆ ಬರೆದ ಷರಾಗಳು

2022ನೆಯ ಇಸವಿಯ ಜನವರಿಯಲ್ಲಿ, ನನಗೆ ನಲವತ್ತಾರು ವರ್ಷವಾಗಿದ್ದಾಗ, ನನ್ನನ್ನು ಪೂರ್ತಿಯಾಗಿ ನಂಬಿದ್ದ ಒಬ್ಬರಿಗೆ ಅವರ ಮೂಗು ಸತ್ತಿದೆಯೆಂದು ನಾನು ನಂಬಿಸಿದೆ. ಅದು ಸತ್ತಿರಲಿಲ್ಲ. ಅದನ್ನು ನಿರ್ಣಯಿಸುವ ಯೋಗ್ಯತೆಯೂ ನನಗಿರಲಿಲ್ಲ — ಏಕೆಂದರೆ ಅವರು ನನ್ನ ಕೈಗಿತ್ತ ಲೋಟವನ್ನು ನಾನು ಮೂಸಿಯೇ ಇರಲಿಲ್ಲ.

ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನುಣುಚಿಕೊಳ್ಳಲು ನನಗೇ ದಾರಿಯಾಗುತ್ತದೆ.

ನಾನು ಮೈಸೂರಿನ ಒಂದು ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷ ಕನ್ನಡ ಕಲಿಸಿದವನು. ಉತ್ತರ ಸರಿಯಿದ್ದರೂ ವಿಭಕ್ತಿ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ, ಅದಕ್ಕಾಗಿ ಹೆಮ್ಮೆಪಡುತ್ತಿದ್ದೆ. ಹೆಂಡತಿ ವಾಣಿಗೆ ಟೋಕಿಯೋದಲ್ಲಿ ಕೆಲಸವಾದಾಗ ಜೊತೆಗೆ ಬಂದೆ. ನಗರದ ಫುನಾಬೊರಿ ಬಡಾವಣೆಯಲ್ಲಿ ಮನೆ ಮಾಡಿದೆವು. ಅಲ್ಲಿನ ನಮ್ಮವರ ನಡುವೆ ಎರಡು ವರ್ಷ ನನಗಿದ್ದ ಹೆಸರು ಒಂದೇ — ವಾಣಿಯ ಗಂಡ. ಆಮೇಲೆ ಯೋಕೋಹಾಮಾದಲ್ಲಿ ಅಳತೆಯ ಉಪಕರಣಗಳನ್ನು ಮಾಡುವ ಒಂದು ಕಂಪನಿ ತನ್ನ ಇಂಗ್ಲಿಷ್ ಕೈಪಿಡಿಗಳ ತಪ್ಪು ತಿದ್ದುವ ಕೆಲಸ ಕೊಟ್ಟಿತು. ಪಕ್ಕದ ಮೇಜಿನಲ್ಲಿದ್ದ ಎಂಜಿನಿಯರ್ ಇಮಾಮುರ-ಸಾನ್; 'ಸಾನ್' ಎಂದರೆ ಅಲ್ಲಿ ಹೆಸರಿನ ಮುಂದೆ ಗೌರವಕ್ಕೆ ಸೇರಿಸುವ ಮಾತು. ಶ್ರೀಕಂಠ ಎಂಬ ನನ್ನ ಹೆಸರು ಅವರ ನಾಲಿಗೆಗೆ ಒಗ್ಗದೆ ನಾನು ಕಾಂತಾ-ಸಾನ್ ಆದೆ. ವಾಣಿ ಬಹಳ ದಿನ ನಕ್ಕಳು. ಸೀರೆ ಯಾವಾಗ ಕೊಳ್ಳೋಣ ಎಂದು ಕೇಳುತ್ತಿದ್ದಳು.

ಇಮಾಮುರ-ಸಾನ್ ಕ್ಯೂಶು ದ್ವೀಪದ ದಕ್ಷಿಣದ ತುದಿಯವರು. ಗೆಣಸು ಬೆಳೆದು, ಗೆಣಸಿನ ಸಾರಾಯಿಯನ್ನೇ ಕುಡಿಯುವ ಸಣ್ಣ ಊರು. ಮಕ್ಕಳಿಲ್ಲದೆ ಆ ಊರಿನ ಪ್ರಾಥಮಿಕ ಶಾಲೆ ಮುಚ್ಚಿದ ವರ್ಷ ಅವರು ಕೆಲಸ ಬಿಟ್ಟರು. ತಾವು ಅಕ್ಷರ ಕಲಿತ ಆ ಕಟ್ಟಡದಲ್ಲಿ ವಿಸ್ಕಿ ಬಟ್ಟಿ ಇಳಿಸಬೇಕು, ಊರಿನ ಹೆಸರನ್ನೇ ಅದಕ್ಕೆ ಇಡಬೇಕು ಎಂಬುದು ಅವರ ಆಸೆ. ಊರವರು ಸೇರಿ ಕಟ್ಟಡ ಬಿಟ್ಟುಕೊಟ್ಟರು. ಆಟದ ಸಭಾಂಗಣದಲ್ಲಿ ತಾಮ್ರದ ಹಂಡೆಗಳು ನಿಂತವು. ತರಗತಿಗಳಲ್ಲಿ ಪೀಪಾಯಿಗಳಿಗೆ ಜಾಗವಾಯಿತು. ದಾಖಲೆ ನೋಡಿಕೊಳ್ಳಲು ಅವರು ನನ್ನನ್ನು ಕರೆದರು. ವಾಣಿಯನ್ನು ಟೋಕಿಯೋದಲ್ಲೇ ಬಿಟ್ಟು ಹೋದೆ. ನಾನು ಬರೆದದ್ದನ್ನು ಇನ್ನೊಬ್ಬರು ತಿದ್ದಬೇಕಾಗಿಲ್ಲ ಎಂದು ಎಲ್ಲರೆದುರು ಹೇಳಿದರು. ಎಷ್ಟೋ ವರ್ಷಗಳಿಂದ ಅಂಥ ಮಾತಿಗೆ ಹಸಿದಿದ್ದೆ.

ಕೆಲಸದ ಒಂದು ನಿಯಮವನ್ನು ವಿವರಿಸಲೇಬೇಕು. ಹಂಡೆಯಿಂದ ಇಳಿಯುವ ಮದ್ಯದ ಮೊದಲ ಭಾಗವೂ ಕೊನೆಯ ಭಾಗವೂ ಕೆಟ್ಟದ್ದು. ನಡುವಿನದನ್ನು ಮಾತ್ರ ಪೀಪಾಯಿಗೆ ತುಂಬುತ್ತಾರೆ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಮೀಟರು ಹೇಳುವುದಿಲ್ಲ, ಮೂಗು ನಾಲಿಗೆಗಳು ಹೇಳಬೇಕು. ಒಬ್ಬರ ಮೂಗನ್ನು ನಂಬಬಾರದೆಂದು ಇಮಾಮುರ-ಸಾನ್ ಎರಡು ರಿಜಿಸ್ಟರು ಇಟ್ಟರು. ಇಬ್ಬರೂ ಬೇರೆಬೇರೆಯಾಗಿ ಮೂಸಿ, ರುಚಿ ನೋಡಿ, ಮಾತಾಡದೆ ಷರಾ ಬರೆಯಬೇಕು, ಆಮೇಲೆ ಹೋಲಿಸಬೇಕು. ಎರಡನೆಯ ರಿಜಿಸ್ಟರು ನನ್ನದು. ವಿಸ್ಕಿಯ ರುಚಿ ಗೊತ್ತಿದೆಯೇ ಎಂದು ಅವರು ಮೊದಲೇ ಕೇಳಿದ್ದರು. ಗೊತ್ತಿದೆ ಎಂದಿದ್ದೆ.

ಗೊತ್ತಿರಲಿಲ್ಲ. ನಾನು ಮದ್ಯ ಮುಟ್ಟುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟವನು. ಅದನ್ನು ಇಂದಿಗೂ ಮೀರಿಲ್ಲ. ಇದನ್ನು ಸಮರ್ಥನೆಯಾಗಿ ಹೇಳುತ್ತಿಲ್ಲ. ಒಬ್ಬರಿಗೆ ಕೊಟ್ಟ ಮಾತನ್ನು ಇನ್ನೊಬ್ಬರ ಬದುಕು ಒತ್ತೆಯಿಟ್ಟು ಉಳಿಸಿಕೊಂಡೆ — ಅದಕ್ಕೆ ವ್ರತ ಎನ್ನುವ ಹೆಸರು ಸಲ್ಲದು. ಮದ್ಯದ ವಾಸನೆಯನ್ನೂ ನಾನು ತಡೆಯಲಾರೆ. ಲೋಟವನ್ನು ಮೂಗಿನ ಹತ್ತಿರ ತಂದಾಗ ಉಸಿರು ಬಿಗಿಹಿಡಿಯುತ್ತಿದ್ದೆ. ತುಟಿಗೆ ತಾಗಿಸಿದಂತೆ ಮಾಡಿ ಕರವಸ್ತ್ರದಿಂದ ಒರೆಸಿಕೊಳ್ಳುತ್ತಿದ್ದೆ.

ಹಾಗಿದ್ದರೂ ಪ್ರಯೋಗದ ತಿಂಗಳುಗಳಲ್ಲಿ ನಮ್ಮಿಬ್ಬರ ಷರಾಗಳು ಹೊಂದುತ್ತಿದ್ದವು. ಹೇಗೆಂದರೆ — ನಾನು ಅವರ ಮುಖ ಓದುತ್ತಿದ್ದೆ. ಓದಿ ಬಂದವರಾರು, ಬಾರದವರಾರು ಎಂದು ಹದಿನಾಲ್ಕು ವರ್ಷ ಮುಖ ನೋಡಿಯೇ ಹೇಳಿದವನು ನಾನು. ಚೆನ್ನಾಗಿದ್ದರೆ ಅವರ ಎಡಹುಬ್ಬು ಇಳಿಯುತ್ತಿತ್ತು; ಕೆಟ್ಟಿದ್ದರೆ ಕತ್ತು ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಉಳಿದದ್ದು ಭಾಷೆ. 'ಹುರಿದ ಜವೆ, ಕೊನೆಯಲ್ಲಿ ಹಸಿ ಬಾದಾಮಿ' ಎಂದು ಬರೆಯುತ್ತಿದ್ದೆ. ಅವರು ಅದನ್ನು ಊರವರಿಗೆ ಓದಿ ಹೇಳುತ್ತಿದ್ದರು. ಊರಿನ ಪತ್ರಿಕೆಯವರು ಬಂದು, ಮೂಗಿಗೆ ಲೋಟ ಹಿಡಿದ ನನ್ನ ಫೋಟೋ ತೆಗೆದುಕೊಂಡು ಹೋದರು.

ಡಿಸೆಂಬರಿನಲ್ಲಿ ಇಮಾಮುರ-ಸಾನ್‌ಗೆ ಜ್ವರ ಬಂತು. ಆ ವರ್ಷಗಳಲ್ಲಿ ಎಲ್ಲೆಡೆ ಇದ್ದ ಅದೇ ಜ್ವರ. ಹಾಸಿಗೆಯಿಂದೆದ್ದಾಗ ಅವರಿಗೆ ವಾಸನೆ ತಿಳಿಯುತ್ತಿರಲಿಲ್ಲ. ಪೀಪಾಯಿ ತುಂಬುವ ಮೊದಲ ಋತು ಆಗಷ್ಟೇ ಶುರುವಾಗಿತ್ತು. ಅವರು ತಮ್ಮ ರಿಜಿಸ್ಟರನ್ನು ಮುಚ್ಚಿ ನನ್ನದರ ಮೇಲೆ ಅಂಗೈಯಿಟ್ಟು, ಇನ್ನು ಇದೊಂದೇ ಎಂದರು.

ಅಂದು ಹೇಳಬಹುದಿತ್ತು. ಋತುವನ್ನು ನಿಲ್ಲಿಸಬಹುದಿತ್ತು, ಬೇರೊಬ್ಬರನ್ನು ಕರೆಯಬಹುದಿತ್ತು — ನಷ್ಟವೆಂದರೆ ಒಂದು ಚಳಿಗಾಲ, ಮತ್ತು ನನ್ನ ಹೆಸರು. ನಾನು ತಲೆಬಾಗಿ ಒಪ್ಪಿಕೊಂಡೆ. ಓದಲು ಈಗ ಮುಖವೂ ಇರಲಿಲ್ಲ. ಉಷ್ಣತೆ, ಮದ್ಯಾಂಶ, ಹೊತ್ತು — ಹಿಂದಿನ ಅಂಕಿಗಳೊಂದಿಗೆ ಎಲ್ಲವನ್ನೂ ತಾಳೆ ನೋಡುತ್ತಿದ್ದೆ. ಅಂಕಿ ಹೊಂದಿದರೆ 'ಉತ್ತಮ' ಎಂದು ಬರೆಯುತ್ತಿದ್ದೆ, ಒಂದೆರಡು ವಿಶೇಷಣ ಸೇರಿಸುತ್ತಿದ್ದೆ.

ಇಮಾಮುರ-ಸಾನ್ ಮಲಗಿದ್ದ ದಿನಗಳಲ್ಲೇ ಕಾಳಿನ ರಸ ಹುಳಿಯುವ ಮರದ ತೊಟ್ಟಿ ಒಳಗಿನ ಮೂಲೆಯಲ್ಲಿ ಕೊಳೆಯಲು ಶುರುವಾಗಿತ್ತು. ಅಂಕಿಗಳಲ್ಲಿ ಅದು ಕಾಣಲಿಲ್ಲ. ಜನವರಿಯ ಒಂದು ಬೆಳಿಗ್ಗೆ, ಹಂಡೆಯ ಪಕ್ಕದಲ್ಲಿ ಇಮಾಮುರ-ಸಾನ್ ಲೋಟ ಹಿಡಿದು ಬಹಳ ಹೊತ್ತು ನಿಂತರು. ಮುಖದಲ್ಲಿ ಭಯವೂ ಇತ್ತು, ಆಸೆಯೂ ಇತ್ತು.

"ಕಾಂತಾ-ಸಾನ್, ನನಗೇನೋ ಬರ್ತಿದೆ. ಒದ್ದೆ ಗೋಣಿಚೀಲದ ಹಾಗೆ. ನಿಮಗೂ ಬರ್ತಿದೆಯಾ?"

ಲೋಟವನ್ನು ನನಗೆ ಕೊಟ್ಟರು. ನಾನು ಉಸಿರು ಬಿಗಿಹಿಡಿದೆ. ಬರುತ್ತಿದೆ ಎಂದರೆ ಹಿಂದಿನ ಹನ್ನೆರಡು ಷರಾಗಳ ಗತಿಯೇನು — ನಾನು ಯೋಚಿಸಿದ್ದು ಅಷ್ಟನ್ನೇ.

"ಇಲ್ಲ. ಚೆನ್ನಾಗಿದೆ."

ಅವರು ಲೋಟ ಇಳಿಸಿದರು. ಜ್ವರದ ನಂತರ ಇಲ್ಲದ ವಾಸನೆಯೂ ಬರುತ್ತದಂತೆ ಎಂದು ಡಾಕ್ಟರು ಹೇಳಿದ್ದರು, ಇದು ಅದೇ ಇರಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನ್ನ ಕ್ಷಮೆಯನ್ನೂ ಕೇಳಿದರು — ಸುಮಿಮಾಸೆನ್, ಸುಮ್ಮನೆ ಗಾಬರಿಪಡಿಸಿದೆ. ಆಮೇಲೆ ಅವರು ಯಾವ ಲೋಟವನ್ನೂ ಮೂಗಿನ ಹತ್ತಿರ ತರಲಿಲ್ಲ. ಮುಂದಿನ ಎರಡು ಚಳಿಗಾಲವೂ ಅದೇ ತೊಟ್ಟಿ. ನನ್ನವೇ ಷರಾಗಳು.

ಮೂರು ವರ್ಷ ತುಂಬಿದ ಮೇಲೆ, 2025ರ ಫೆಬ್ರವರಿಯಲ್ಲಿ, ಮೊದಲ ಪೀಪಾಯಿಯನ್ನು ತೆರೆದೆವು. ಆ ಶಾಲೆಯಲ್ಲಿ ಓದಿದವರ ಹದಿನಾಲ್ಕು ಮನೆಗಳಿಂದ ಒಬ್ಬೊಬ್ಬರು ಬಂದು, ಮಕ್ಕಳ ಆ ಚಿಕ್ಕ ಕುರ್ಚಿಗಳ ಮೇಲೆಯೇ ಕುಳಿತಿದ್ದರು. ಮುದುಕರೊಬ್ಬರು ಒಂದು ಗುಟುಕು ಕುಡಿದು, ಲೋಟವನ್ನು ಮೆಲ್ಲನೆ ಕೆಳಗಿಟ್ಟು, ಕಿಟಕಿಯ ಕಡೆ ನೋಡಿದರು. ಒಂದಾದ ಮೇಲೊಂದು ಲೋಟ ಕೆಳಗಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಉಳಿದ ಪೀಪಾಯಿಗಳನ್ನೂ ತೆರೆದು ನೋಡಿಯಾಗಿತ್ತು; ಎಲ್ಲದರಲ್ಲೂ ಅದೇ ಕೊಳೆತ ವಾಸನೆ ಎಂದರು. ಇಮಾಮುರ-ಸಾನ್ ಎಲ್ಲರ ಮುಂದೆ ಸೊಂಟದವರೆಗೆ ಬಾಗಿ, ನನ್ನ ಮೂಗು ಸತ್ತಿದೆಯೆಂದು ಗೊತ್ತಿದ್ದೂ ಮುಂದುವರಿಸಿದೆ, ತಪ್ಪು ನನ್ನದು ಎಂದರು. ಅವರ ಪಕ್ಕದಲ್ಲಿ ನಾನೂ ಬಾಗಿದೆ. ಯಜಮಾನರ ತಪ್ಪಿಗಾಗಿ ಬಾಗಿದ ನಿಷ್ಠಾವಂತನೆಂದು ಅವರೆಲ್ಲ ತಿಳಿದರು — ತಿಳಿಯಲಿ ಎಂದು ಬಿಟ್ಟೆ.

ಬೇಸಿಗೆಯಲ್ಲಿ ಹಂಡೆಗಳು ಮಾರಾಟವಾಗಿ ಬೇರೆ ಊರಿಗೆ ಹೋದವು. ಇಮಾಮುರ-ಸಾನ್ ಗೆಣಸು ವಿಂಗಡಿಸುವ ಶೆಡ್ಡಿನಲ್ಲಿ ಕೂಲಿಗೆ ಸೇರಿದರು. ನಾನು ಫುನಾಬೊರಿಗೆ ಮರಳಿದೆ.

ನಾನು ಬರೀ ಕಾಗದಪತ್ರ ನೋಡಿಕೊಳ್ಳುತ್ತೇನೆಂದು ವಾಣಿಗೆ ಹೇಳಿದ್ದೆ. ಅಕ್ಟೋಬರಿನಲ್ಲಿ ನನ್ನ ಪೆಟ್ಟಿಗೆ ಖಾಲಿ ಮಾಡುವಾಗ ನನ್ನ ಫೋಟೋ ಇದ್ದ ಆ ಹಳೆಯ ಪತ್ರಿಕೆ ಅವಳ ಕೈಗೆ ಸಿಕ್ಕಿತು.

"ರೀ, ಇದೇನಿದು? ನಾನು ನೇಲ್ ಪಾಲಿಶ್ ತೆಗೆದ್ರೇನೇ ರೂಮ್ ಬಿಟ್ಟು ಓಡ್ತೀರ. ನೀವು ವಿಸ್ಕಿ ಮೂಸ್ತಿದ್ರಾ?" ನಗುತ್ತಲೇ ಕೇಳಿದಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ಪೂರ್ತಿ ಹೇಳಿದೆ. ಅವಳು ಪತ್ರಿಕೆಯನ್ನು ಮಡಚಿದಳು.

"ಅವ್ರಿಗೆ ಹೇಳಿದ್ರಾ?"

ಇಲ್ಲವೆಂದೆ. ಈಗ ಹೇಳಿ ಏನು ಪ್ರಯೋಜನ, ಎಲ್ಲ ಮುಗಿದಿದೆಯಲ್ಲ ಎಂದೂ ಸೇರಿಸಿದೆ.

"ನಿಮಗೆ ಮುಗ್ದಿದೆ," ಎಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಬೇರೆ ವಿಷಯವನ್ನೂ ಹೆಚ್ಚು ಎತ್ತಲಿಲ್ಲ.

ನವೆಂಬರಿನ ಮೊದಲ ಶನಿವಾರ ಕ್ಯೂಶುವಿಗೆ ಹೋದೆ. ಶೆಡ್ಡಿನ ಹಿಂದೆ, ಗೆಣಸಿನ ಬುಟ್ಟಿಗಳ ನಡುವೆ, ನಿಂತೇ ಹೇಳಿದೆ. ನನ್ನ ಪುಸ್ತಕದ ಜಪಾನಿ ಭಾಷೆಯಲ್ಲಿ ವಾಕ್ಯಗಳನ್ನು ಮೊದಲೇ ಬರೆದು ಬಾಯಿಪಾಠ ಮಾಡಿದ್ದೆ. ಎರಡನೆಯ ವಾಕ್ಯಕ್ಕೇ ಎಲ್ಲ ಕಲಸಿಹೋಯಿತು. ಇಮಾಮುರ-ಸಾನ್ ಕೈಯ ಮಣ್ಣು ಒರೆಸಿಕೊಳ್ಳುತ್ತಾ ಕೊನೆಯವರೆಗೂ ಕೇಳಿದರು. ಕೋಪ ಮಾಡಿಕೊಳ್ಳಲಿ ಎಂದು ಕಾದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ಅವತ್ತು ನನಗೆ ನಿಜವಾಗಿ ವಾಸನೆ ಬಂದಿತ್ತು?"

"ಬಂದಿತ್ತು."

ಅವರು ಬುಟ್ಟಿಗಳ ಕಡೆ ತಿರುಗಿ ಕೆಲಸ ಮುಂದುವರಿಸಿದರು. ನನ್ನನ್ನು ನೋಡದೆ, ಅಂದು ಬಂದಿದ್ದ ಹದಿನಾಲ್ಕು ಮನೆಗಳಿಗೂ ಹೋಗಿ ಇದನ್ನೇ ಹೇಳಿ ಎಂದರು. ತಾವು ಜೊತೆಗೆ ಬರುವುದಿಲ್ಲವೆಂದೂ ಇನ್ನೊಮ್ಮೆ ತಮ್ಮನ್ನು ನೋಡಲು ಬರಬಾರದೆಂದೂ ಹೇಳಿದರು.

ಒಂದು ವಾರ ಊರಿನ ವಸತಿಗೃಹದಲ್ಲಿದ್ದೆ. ದಿನಕ್ಕೆ ಎರಡು ಮನೆ. ಕೆಲವರು ಒಳಗೆ ಕರೆದು ಚಹಾ ಕೊಟ್ಟರು — ಅದನ್ನು ಕುಡಿಯುವುದೇ ಕಷ್ಟವಾಗಿತ್ತು. ಇಬ್ಬರು ಬಾಗಿಲಲ್ಲೇ ಕೇಳಿ ಬಾಗಿಲು ಹಾಕಿಕೊಂಡರು.

ಹದಿನಾಲ್ಕನೆಯದು ಇಮಾಮುರ-ಸಾನ್ ಅವರ ಅಕ್ಕ ಫುಮಿಕೊ-ಸಾನ್ ಅವರದು. ತಮ್ಮನಿಗೆ ಅಡುಗೆ ಮಾಡಿ ಹಾಕುವವರು ಅವರೇ. ಹೊಸ್ತಿಲಲ್ಲಿ ನಿಂತು ನನ್ನ ಮಾತೆಲ್ಲ ಕೇಳಿದರು.

"ಈಗಲೂ ಮೀನು ಕೆಟ್ಟಿದೆಯಾ ನೋಡು ಅಂತ ನನ್ನನ್ನೇ ಕೇಳ್ತಾನೆ," ಎಂದರು. "ತಟ್ಟೆ ಮುಂದಿಟ್ಕೊಂಡು, ನಾನು ಹ್ಞೂಂ ಅನ್ನೋವರೆಗೂ ಕಾಯ್ತಾನೆ. ವಾಸನೆ ಅವನಿಗೂ ಬರುತ್ತೆ, ನನಗೆ ಗೊತ್ತು. ಆದರೂ ಕೇಳ್ತಾನೆ. ಅದನ್ನ ನೀವು ನಿಲ್ಲಿಸಬಲ್ಲಿರಾ?"

ನಿಲ್ಲಿಸಲಾರೆ ಎಂದೆ. ನಾನು ಹೇಳಬೇಕಾದುದೆಲ್ಲ ಅಲ್ಲಿಗೆ ಮುಗಿಯಿತು; ಅವರ ಮನೆಯಲ್ಲಿ ನನ್ನ ಆ ಸುಳ್ಳು ಪ್ರತಿದಿನ ಊಟದ ಹೊತ್ತಿಗೆ ಮೊದಲಾಗುತ್ತದೆ. ಫುಮಿಕೊ-ಸಾನ್ ಬಾಗಿಲು ಎಳೆದುಕೊಂಡರು. ಅಂದು 2025ನೆಯ ಇಸವಿ, ನವೆಂಬರ್ ತಿಂಗಳ ಒಂಬತ್ತನೆಯ ತಾರೀಖು, ಭಾನುವಾರ.