ಬದುಕಿದ್ದ ಮೀನಿಗೆ ಹಾಲು-ತುಪ್ಪ

ಕಳೆದ ವಾರ ನಮ್ಮ ಮನೆಯಲ್ಲಿ ಒಂದು ಮೀನಿಗೆ ಮೂರನೇ ದಿನದ ಹಾಲು-ತುಪ್ಪ ನಡೆಯಿತು. ತೊಂದರೆ ಏನೆಂದರೆ, ಮೀನು ಸತ್ತಿರಲಿಲ್ಲ.

ತಮಿಳುನಾಡಿನ ಚಿನ್ನಮನೂರಿನ ನಮ್ಮ ಹಾಲ್‌ನಲ್ಲಿ ಒಂದು ಸಮುದ್ರವಿದೆ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಹವಳ, ಮರಳು, ಎಂಟು ಮೀನು. ಊರ ಸುತ್ತ ಭತ್ತದ ಗದ್ದೆ. ಕಡಲು ನೋಡಬೇಕೆಂದರೆ ಅರ್ಧ ದಿನ ಬಸ್ಸಿನಲ್ಲಿ ಕೂರಬೇಕು. ಹಾಗಾಗಿ ವಾರವಾರ ನಾನೇ ಉಪ್ಪು ಬೆರೆಸಿ ಕಡಲು ತಯಾರಿಸುತ್ತೇನೆ. (ಒಳ್ಳೆಯ ನೀರಿಗೆ ಉಪ್ಪು ಹಾಕಿ ಕೆಡಿಸುವ ಗಂಡ ಸಿಕ್ಕಿದ್ದಾನೆಂದು ಹೆಂಡತಿಯ ದೂರು.)

ಈ ಸಲ ಮದುರೆಯಿಂದ ರಾಸ್ ಎಂಬ ಜಾತಿಯ ಮೀನೊಂದನ್ನು ತಂದೆ. ಹಸಿರು ಮೈ, ಮೇಲೆ ಕಿತ್ತಳೆ ಗೀಟು. ಅವ್ವ ಕನ್ನಡಕ ಏರಿಸಿ ನೋಡಿದಳು.

"ಚಿನ್ನಾಳಪಟ್ಟಿ ಸೀರೆ ಉಟ್ಟಂಗೈತೆ ಡಾ!"

ಅಷ್ಟರಲ್ಲಿ ಅದು ಮರಳಿಗೆ ತಲೆ ತೂರಿಸಿ ಮಾಯವಾಯಿತು.

ಈ ಜಾತಿಯ ಅಭ್ಯಾಸವೇ ಹಾಗೆ. ಮಲಗುವುದು ಮರಳೊಳಗೆ. ಹೊಸ ಜಾಗವಾದರೆ ಭಯಕ್ಕೆ ಎರಡು ಮೂರು ದಿನ ಹೊರಗೇ ಬರುವುದಿಲ್ಲ. ಇದನ್ನು ಅಂಗಡಿಯವರು ನನಗೆ ಹೇಳಿದ್ದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎಕ್ಸ್‌ಪರ್ಟ್‌ಗಳು ಎಲ್ಲರಿಗೂ ಎಲ್ಲವನ್ನೂ ಹೇಳುತ್ತಾರೆಯೇ?

ಮೂರನೇ ದಿನ ಸ್ನಾನ ಮುಗಿಸಿ ಬಂದರೆ ಕಡಲು ಬೆಳ್ಳಗಿದೆ! ಪಕ್ಕದಲ್ಲಿ ಅವ್ವ. ಕೈಯಲ್ಲಿ ಖಾಲಿ ಚೊಂಬು, ಕಣ್ಣಲ್ಲಿ ನೀರು.

"ಮಣ್ಣಾಗ ಹೋಗಿ ಮೂರು ದಿನಾತು. ಪಾವಂ, ಅದುಕ್ಕೆ ಮಕ್ಕ ಮರಿ ಯಾರವ್ರೆ? ನಾನಾದ್ರೂ ಹಾಲು ಹುಯ್ಯಬ್ಯಾಡ್ವಾ?"

ನಮ್ಮವರು ಕನ್ನಡ ನಾಡು ಬಿಟ್ಟು ಎಷ್ಟೋ ತಲೆಮಾರಾಯಿತು. ನನ್ನ ಮಕ್ಕಳಿಗೆ ಮನೆಮಾತೇ ಅರ್ಧಂಬರ್ಧ. ಆದರೆ ಮಣ್ಣು ಮಾಡಿದ ಮೂರನೇ ದಿನ ಹಾಲು ಹೊಯ್ಯುವುದು ಮಾತ್ರ ತಪ್ಪಿಲ್ಲ. (ತುಪ್ಪ ತರಲು ಅವ್ವ ಅಡುಗೆಮನೆಗೆ ಹೊರಟಿದ್ದಳು. ಸದ್ಯ, ನಾನು ಬಂದೆ.)

ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಬಕೆಟ್‌ಗಟ್ಟಲೆ ಹಾಲುನೀರು ತೆಗೆದೆ, ಕಲಸಿಟ್ಟಿದ್ದ ಉಪ್ಪುನೀರನ್ನೆಲ್ಲ ಸುರಿದೆ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ತಿಳಿಯಾಯಿತು. ಒಂದೂ ಸಾಯಲಿಲ್ಲ. ಇಷ್ಟು ಗಲಾಟೆಗೆ ನಿದ್ದೆ ಕೆಟ್ಟ ರಾಸ್ ಮರಳಿನಿಂದ ಎದ್ದು, ಏನೂ ಆಗೇ ಇಲ್ಲವೆಂಬಂತೆ ಒಂದು ಸುತ್ತು ಹೊಡೆಯಿತು.

"ನೋಡು ಡಾ, ಹಾಲು ಹುಯ್ದೆ, ಎದ್ದು ಬಂತು!" ಅವ್ವ ಕೈಮುಗಿದಳು.

ನನಗೆ ರೇಗಿತು. "ಬದುಕಿರೋದುಕ್ಕೆ ಯಾರಾದ್ರೂ ಹಾಲು ಹುಯ್ತಾರಾ ಅವ್ವಾ?"

ಅವ್ವ ದನಿ ಏರಿಸಲಿಲ್ಲ. "ನಿಮ್ಮಪ್ಪ ಕಡೇ ತಿಂಗಳು ಒಂದು ಲೋಟ ಹಾಲು ಕೇಳ್ತಾನೇ ಇದ್ದ. ನೀನು ಎರಡು ಚಮಚ ಕೊಟ್ಟೆ. ಮಣ್ಣು ಮಾಡಿದ ಮೂರ್ನೇ ದಿನ ನೀನೇ ಚೊಂಬು ತುಂಬ ಹುಯ್ದೆ."

ಕಿಡ್ನಿ ಕೆಟ್ಟಿದೆ, ನೀರು ಹಾಲು ಎಲ್ಲ ಮಿತಿಯಲ್ಲಿರಲಿ ಎಂದು ಡಾಕ್ಟರು ಹೇಳಿದ್ದರು. ನಾನು ಹಾಗೇ ಮಾಡಿದೆ. ತಪ್ಪಿಲ್ಲ. ಆದರೂ ಆ ಮಧ್ಯಾಹ್ನ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದೆ.

ತೊಟ್ಟಿಯ ನೀರನ್ನೇನೋ ಬದಲಾಯಿಸಿದೆ. ಅವ್ವನ ಈ ಮಾತನ್ನು ಎಲ್ಲಿ ಸುರಿಯಲಿ, ಹೇಳಿ?