ಎಳ್ಳಮಾವಾಸ್ಯೆಯ ಕರೆ

ಕೆಲಸ ಹೋದ ಮೇಲೆ ನನಗೆ ಮೊದಲು ಗೊತ್ತಾದದ್ದು ನಮ್ಮ ಮನೆಯ ಮುಂದಿನ ಕಟ್ಟೆಗೆ ಬಿಸಿಲು ಬೀಳುತ್ತದೆ ಎಂಬುದು. ನಗಬೇಡಿ. ಬೀದರಿನ ಹಳೇ ಊರಿನ ಈ ಓಣಿಗೆ ಮದುವೆಯಾಗಿ ಬಂದು ಎಷ್ಟೋ ವರ್ಷವಾಗಿದ್ದರೂ ಹಗಲಿನ ಓಣಿಯನ್ನು ನಾನು ಸರಿಯಾಗಿ ನೋಡಿರಲಿಲ್ಲ. ಕತ್ತಲಿರುವಾಗಲೇ ಡಬ್ಬಿ ಕಟ್ಟಿಕೊಂಡು ಊರ ಹೊರಗಿನ ಕೊಳಾರದ ಕಾರ್ಖಾನೆಯ ಗಾಡಿ ಹತ್ತಿದರೆ ಇಳಿಯುವ ಹೊತ್ತಿಗೆ ಮತ್ತೆ ಕತ್ತಲು. ರಜೆಯ ದಿನ ಬಟ್ಟೆ, ಪಾತ್ರೆ, ಹಿಟ್ಟಿನ ಗಿರಣಿ. ಬಿಸಿಲು ಯಾರ ಕಟ್ಟೆಗೆ ಬಿದ್ದರೆ ನನಗೇನು?

ಗುಳಿಗೆ ತಯಾರಿಸುವ ಕಾರ್ಖಾನೆ ಅದು. ನಾವು ಹೆಂಗಸರೆಲ್ಲ ಪ್ಯಾಕಿಂಗ್‌ನಲ್ಲಿದ್ದೆವು. ಗುಳಿಗೆಯ ಪಟ್ಟಿಯನ್ನು ಡಬ್ಬಿಗೆ, ಡಬ್ಬಿಯನ್ನು ಪೆಟ್ಟಿಗೆಗೆ ತುಂಬಬೇಕು, ಮಾತಾಡದೆ. ಮಳೆಗಾಲಕ್ಕೆ ಮುಂಚೆ ಹೊಸ ಮಷೀನು ಬಂತು. "ಸ್ವಲ್ಪ ದಿನ ಮನಿಯಾಗ ಇರ್ರಿ, ನಾವೇ ಫೋನ್ ಮಾಡ್ತೇವಿ" ಎಂದು ಹೇಳಿ ನಮ್ಮನ್ನು ಕಳಿಸಿದರು. ಚಳಿಗಾಲ ಬಂದರೂ ಅವರ ಸ್ವಲ್ಪ ದಿನ ಮುಗಿಯಲಿಲ್ಲ.

ನಮ್ಮ ಮನೆಯವರು ಟೆಂಪೊ ಓಡಿಸುತ್ತಾರೆ. ಒಂದು ದಿನ ಭಾಲ್ಕಿಗೆ, ಇನ್ನೊಂದು ದಿನ ಔರಾದಿಗೆ ಕಿರಾಣಿ ಸಾಮಾನು ಹೊತ್ತು ಹೋಗುತ್ತಾರೆ. ಅವರು ಹೊರಟ ಮೇಲೆ ನಾನು ಚಹಾದ ಕಪ್ಪು ಹಿಡಿದು ಕಟ್ಟೆಗೆ ಬರುತ್ತೇನೆ. ಬಾಜೂ ಮನೆಯ ಚಾಚಿಯೂ ತನ್ನ ಕಪ್ಪು ಹಿಡಿದು ಬರುತ್ತಾಳೆ. ಗಂಡ ಸತ್ತು ಎಷ್ಟೋ ಕಾಲವಾದ ಮುದುಕಿ. ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದಿ ತಿನ್ನುವುದರಲ್ಲಿ ಆಕೆಗೆ ಸರಿಸಾಟಿ ಯಾರೂ ಇಲ್ಲ. ಒಂದು ಚೂರೂ ಕಪ್ಪಿಗೆ ಬೀಳುವುದಿಲ್ಲ. ನನ್ನದು ದಿನಾ ಮುಳುಗುತ್ತದೆ. ತಲೆಯ ಮೇಲೆ ವಾಯುಪಡೆಯ ಹುಡುಗರು ವಿಮಾನ ಕಲಿಯಲು ಗಿರಗಿರ ತಿರುಗುತ್ತಾರೆ. ಪ್ರತಿ ಸಲವೂ ಚಾಚಿ ಮೇಲೆ ನೋಡಿ, "ಅವರಿಗಿ ಡ್ಯೂಟಿ ಅದ ಬೇಟಿ, ನಮಗೇ ಇಲ್ಲ" ಎನ್ನುತ್ತಾಳೆ. ಪ್ರತಿ ಸಲವೂ ನಾನು ನಗುತ್ತೇನೆ.

ಸುಖ ಇಲ್ಲವೆಂದಲ್ಲ. ಪೇರಲದ ಗಾಡಿಯವನು ಬಂದರೆ ಈಗ ನಿಂತು ಆರಿಸುತ್ತೇನೆ. ಒಂದೊಂದನ್ನೂ ಮೂಸುತ್ತೇನೆ. "ಬಾಯಾರ, ಮದುವಿಗಿ ಹುಡುಗ್ನ ನೋಡ್ಲತ್ತೀರೇನ್ರಿ?" ಎಂದು ಅವನು ಗದರುತ್ತಾನೆ. ಹೆಚ್ಚಿದ ಪೇರಲಕ್ಕೆ ಉಪ್ಪು ಖಾರ ಹಚ್ಚಿ, ಬಿಸಿಲಿಗೆ ಬೆನ್ನು ಕೊಟ್ಟು ತಿಂದರೆ ಒಂದು ಗಳಿಗೆ ಎಲ್ಲ ಮರೆಯುತ್ತದೆ. ಮಧ್ಯಾಹ್ನ ಚೌಬಾರಾ ಗೋಪುರದ ಮೇಲಿಂದ ಪಾರಿವಾಳಗಳು ಎದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಕೂರುತ್ತವೆ. ಅದನ್ನೂ ನೋಡುತ್ತೇನೆ. ಆಮೇಲೆ ಕಟ್ಟೆಯಿಂದ ಬಿಸಿಲು ಸರಿದು ಹೋಗುತ್ತದೆ, ದಿನ ಮಾತ್ರ ಹೋಗುವುದಿಲ್ಲ. ದುಡಿದು ಬಂದ ದಣಿವಿಗೆ ನಿದ್ದೆ ಇತ್ತು. ಈ ಕೂತು ಕೂತು ಬರುವ ದಣಿವು ಮಲಗಿದರೂ ಇಳಿಯುವುದಿಲ್ಲ, ಎದ್ದರೂ ಇಳಿಯುವುದಿಲ್ಲ. ಮೇಲೆ ಓಣಿಯ ಮಂದಿ. "ಸಿಕ್ತೇನ್ರಿ?" ಎಂದು ಕೇಳುತ್ತಾರೆ, ನಾನೇನೋ ಕಿವಿಯ ಓಲೆ ಕಳಕೊಂಡು ಹುಡುಕುತ್ತಿರುವ ಹಾಗೆ. "ಇಲ್ರಿ" ಎಂದು ಹೇಳಿ ಹೇಳಿ ಬಾಯಿ ಸೋತಿತು.

ಸಂಬಳಕ್ಕಿಂತ ನನಗೆ ಬೇಕೆನಿಸುತ್ತಿದ್ದದ್ದು ಕಾರ್ಖಾನೆಯ ಬೇವಿನಮರದ ಕೆಳಗಿನ ಬೆಂಚು. ಊಟದ ಹೊತ್ತಿಗೆ ಎಲ್ಲರೂ ಅಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ಒಬ್ಬಳನ್ನೂ ಹೆಸರು ಹಿಡಿದು ಕರೆಯುವ ರೂಢಿಯಿರಲಿಲ್ಲ, ಊರಿನಿಂದಲೇ ಗುರುತು. ಮನ್ನಳ್ಳಿಯಾಕಿ, ಬಗದಲ್‌ದಾಕಿ, ನಾನು ಶಹರದಾಕಿ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ನಾವು ಯಾರು, ಯಾವ ಕೇರಿಯಿಂದ ಬಂದವರು ಎಂಬುದು ಎಲ್ಲರಿಗೂ ಗೊತ್ತು. ಬಗದಲ್‌ದಾಕಿಯ ಮನೆಯವರು ಹೊಲ ಇದ್ದವರು, ದೊಡ್ಡ ಜಾತಿಯವರು. ಆದರೆ ಬೆಂಚಿನ ಮೇಲೆ ಆಕೆಯ ಕೈ ಸೀದಾ ನನ್ನ ಡಬ್ಬಿಗೇ ಬರುತ್ತಿತ್ತು. ನನ್ನ ಶೇಂಗಾ ಹಿಂಡಿ ಅವಳ ರೊಟ್ಟಿಗೆ, ಅವಳ ಪಲ್ಯ ನನ್ನ ರೊಟ್ಟಿಗೆ.

ಎಳ್ಳಮಾವಾಸ್ಯೆಯ ದಿನ ಬೀದರಿನಲ್ಲಿ ನೋಡಬೇಕು, ಊರಿಗೆ ಊರೇ ಖಾಲಿ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ನಮ್ಮ ಕಡೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ; ಆ ಹಂಗಾಮಿನ ಹಸಿಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಹುಳಿ ಹಾಕಿ ಕುದಿಸಿದ್ದು. ಅದರ ಜೊತೆ ಸಜ್ಜೆ ರೊಟ್ಟಿ, ಗಡಿಗೆಯಲ್ಲಿ ತಣ್ಣಗಿನ ಅಂಬಲಿ. ಉಣ್ಣುವ ಮೊದಲು ಅಡುಗೆಯಲ್ಲಿ ಸ್ವಲ್ಪ ತೆಗೆದು ಹೊಲದ ತುಂಬ ಚರಗ ಚೆಲ್ಲುತ್ತಾರೆ, ಭೂಮಿತಾಯಿಗೆ ಎಂದು. ಚೆಲ್ಲುವವರ ಹಿಂದೆ ಒಬ್ಬರು ಕೂಗುತ್ತ ಹೋಗಬೇಕು. ಬಗದಲ್‌ದಾಕಿಯ ಹೊಲದಲ್ಲಿ ವರ್ಷ ವರ್ಷ ಕೂಗುತ್ತಿದ್ದವಳು ನಾನು. ನನ್ನ ಗಂಟಲಿಗೆ ತೊಗರಿಯಲ್ಲಿ ಕೂತ ಹಕ್ಕಿಗಳೆಲ್ಲ ಎದ್ದು ಹೋಗುತ್ತಿದ್ದವು. ಸಂಜೆ ಚಾಚಿಗೂ ಒಂದು ಡಬ್ಬಿ ಭಜ್ಜಿ ತರುತ್ತಿದ್ದೆ.

ಆ ವರ್ಷಗಳಲ್ಲೆಲ್ಲ ನನ್ನನ್ನು ಯಾರೂ ಕರೆದಿರಲಿಲ್ಲ ಎಂಬುದು ಈ ಸಲ ಹೊಳೆಯಿತು. ಬೆಂಚಿನ ಮೇಲೆ "ನಾಳಿ ಎಷ್ಟೊತ್ತಿಗಿ ಹೋಗೋಣು?" ಎಂಬ ಮಾತು ಬರುತ್ತಿತ್ತು, ಬೆಳಿಗ್ಗೆ ಎಲ್ಲರ ಜೊತೆ ನಾನೂ ಗಾಡಿ ಹತ್ತುತ್ತಿದ್ದೆ. ಈ ಸಲ ಬೆಂಚಿಲ್ಲ. ಹಾಗಾದರೆ ನನಗೆ ಹೇಳುವವರು ಯಾರು?

ಅಮಾವಾಸ್ಯೆ ಹತ್ತಿರ ಬಂದ ಹಾಗೆ ನನ್ನ ಕಣ್ಣು ಫೋನಿನ ಮೇಲೇ. ಕಾರ್ಖಾನೆಯ ಫೋನಿಗಾಗಿ ಕೂಡ ಅಷ್ಟು ಕಾದಿರಲಿಲ್ಲ. ಕೊನೆಗೆ ಬಗದಲ್‌ದಾಕಿ ಫೋನು ಮಾಡಿದಳು. ಚಳಿಯ ಸುದ್ದಿ, ಅತ್ತೆಯ ಮೊಣಕಾಲಿನ ಸುದ್ದಿ. "ಅವರಿಕಾಯಿ ರಾಶಿ ಬಿದ್ದದ ಯವ್ವ, ಸುಲೀಲಾಕ ಕೈ ಸಾಲಾಂಗಿಲ್ಲ" ಎಂದಳು. ನಾನು "ಹೌದಾ" ಎಂದೆ. ಆಮೇಲೆ, "ಆಯ್ತು, ಇಡ್ತೇನಿ" ಎಂದು ಇಟ್ಟೇಬಿಟ್ಟಳು.

ಸಿಟ್ಟು ಬಂತು. ಒಂದೇ ಬೆಂಚಿನ ಮೇಲೆ ಉಂಡದ್ದು ಕಾರ್ಖಾನೆಯ ಕಾರಣಕ್ಕೋ, ನನ್ನ ಕಾರಣಕ್ಕೋ? ಬೆಂಚು ಹೋದ ಮೇಲೆ ಅವರವರ ಹೊಲ ಅವರವರಿಗೆ, ನಮ್ಮ ಕೇರಿ ನಮಗೆ, ಹಾಗೇನು? ಮನೆಯವರಿಗೆ ಹೇಳಿದರೆ, "ಹೋಗೋದಿದ್ರ ಹೋಗು, ಅದರಾಗೇನು?" ಎಂದರು. ಗಂಡಸರಿಗೆ ಎಲ್ಲ ಸಲೀಸು.

ನನಗೆ ಹಾಗೆ ಹೋಗಲಾಗುವುದಿಲ್ಲ. ಅವ್ವ ಮಂದಿಯ ಹೊಲದಲ್ಲಿ ಕೂಲಿ ಮಾಡಿದವಳು. ಎಳ್ಳಮಾವಾಸ್ಯೆಯ ದಿನ ನಮ್ಮನ್ನು ಕರಕೊಂಡು ಬದುವಿನ ಮೇಲೆ ನಿಲ್ಲುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಎಲ್ಲರ ಊಟವಾದ ಮೇಲೆ ಯಾರಾದರೂ ಬಂದು ನಮ್ಮ ಪಾತ್ರೆಗೆ ಮೇಲಿಂದ ಭಜ್ಜಿ ಹಾಕುತ್ತಿದ್ದರು. ಅವ್ವ ನನ್ನ ಮದುವೆಯಲ್ಲಿ ಹೇಳಿದ ಮಾತು ಒಂದೇ: "ಕರೀಲಾರ್ದ ಯಾರ ಹೊಲಕ್ಕೂ ಕಾಲಿಡಬ್ಯಾಡ."

ಆ ದಿನ ಬಂತು. ಬೆಳಿಗ್ಗೆಯಿಂದ ಓಣಿಯಲ್ಲಿ ಬುತ್ತಿಯ ಬುಟ್ಟಿಗಳು, ಮೋಟರ್ ಸೈಕಲ್ಲಿನ ಗದ್ದಲ, ಆಮೇಲೆ ಸದ್ದೇ ಇಲ್ಲ. ಅಂಗಡಿಗಳು ಬಂದ್. ಪೇರಲದವನೂ ಬರಲಿಲ್ಲ. ಮನೆಯವರು ಯಾರೋ ಗೆಳೆಯರ ಹೊಲಕ್ಕೆಂದು ಭಾಲ್ಕಿಗೆ ಹೋದರು. ನಾನು ಕಟ್ಟೆಯ ಮೇಲೆ ಕೂತೆ. ಚಾಚಿ ಬಂದು ಪಕ್ಕದಲ್ಲಿ ಕೂತಳು. "ಈ ಸಲ ಹೋಗ್ಲಿಲ್ಲೇನು ಬೇಟಿ?" ಎಂದಳು. "ಮೈಯಾಗ ಆರಾಮಿಲ್ಲ" ಎಂದೆ. ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಮಧ್ಯಾಹ್ನ ಇಬ್ಬರೂ ಅನ್ನ, ಹುಳಿಬೇಳೆಯ ಖಟ್ಟಿ ದಾಲ್ ಉಂಡೆವು. ಬಿಸಿಲು ಸರಿದರೂ ಎದ್ದು ಒಳಗೆ ಹೋಗಲು ನನಗೆ ಬೇಸರವಾಯಿತು.

ಹೊತ್ತು ಮುಳುಗುವಾಗ ಓಣಿಯ ತುದಿಯಲ್ಲಿ ಬಗದಲ್‌ದಾಕಿ ಕಾಣಿಸಿದಳು. ತಲೆಯ ಮೇಲೆ ಬಟ್ಟೆ ಕಟ್ಟಿದ ಬುಟ್ಟಿ. ಕಟ್ಟೆ ಹತ್ತಿ, ನನ್ನನ್ನು ದಾಟಿ, ಸೀದಾ ಅಡುಗೆಮನೆಗೆ ಹೋಗಿ ಬುಟ್ಟಿಯನ್ನು ಧಪ್ಪೆಂದು ಇಟ್ಟಳು. ನಾನು ಹಿಂದೆ ಹೋದೆ.

"ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದಳು. "ನಮ್ಮತ್ತಿ ನಿನ್ನ ತಾಟು ಹಚ್ಚಿಟ್ಟು ಕುಂತಾಳ, ಶಹರದಾಕಿ ಬರ್ಲಿ ಅಂತ. ಭಜ್ಜಿ ಆರಿ ನೀರಾಯ್ತು. ಚರಗದ ಹಿಂದ ಒದರಾವ್ರು ಯಾರೂ ಇಲ್ಲ. ನಾ ಒದರಿದ್ರ ಎಲ್ಲಾರೂ ನಕ್ಕರು."

"ನೀ ಕರೀಲೇ ಇಲ್ಲ" ಎಂದೆ.

"ಕರೀಬೇಕಾ? ನಿನಗ?" ಅವಳ ಬಾಯಿ ಹಾಗೇ ತೆರೆದುಕೊಂಡಿತು. "ಬೀಗರಿಗಿ ಕರೀತಾರ. ಮನಿ ಮಂದಿಗಿ ಯಾರ ಕರೀತಾರ? ಅವರಿಕಾಯಿ ಸುಲೀಲಾಕ ಕೈ ಸಾಲಾಂಗಿಲ್ಲ ಅಂತ ಫೋನಿನ್ಯಾಗ ಹೇಳಿಲ್ಲೇನು? ಮತ್ತ ಹ್ಯಾಂಗ ಹೇಳಬೇಕು? ನಾ ನಿಮ್ಮನಿಗಿ ಬರಲಾಕ ಯಾವತ್ತರ ನಿನ್ನ ಕೇಳೀನೇನು?"

ಖರೇ. ಯಾವತ್ತೂ ಕೇಳಿರಲಿಲ್ಲ, ಈಗಲೂ ಕೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಖುಷಿಗೆ. ಅದರ ಬೆನ್ನಿಗೇ ಸಿಟ್ಟು ಬಂತು, ಅದು ಆಕೆಯ ಮೇಲೋ ಯಾರ ಮೇಲೋ ನನಗೇ ತಿಳಿಯಲಿಲ್ಲ.

"ಕರೀಲಾರ್ದ ಹೋಗೋದು ನಿಮಗ ಪ್ರೀತಿ" ಎಂದೆ. "ನಮಗ ಅದು ಬ್ಯಾರೇನೇ ಅದ. ನಮ್ಮವ್ವ ಬದುವಿನ ಮ್ಯಾಲ ನಿಂತು ಪಾತ್ರಿ ಒಡ್ಡಿದಾಕಿ. ನನಗ ಕರೀಬೇಕು ನೀ. ಪ್ರತಿ ವರ್ಷ ಕರೀಬೇಕು."

ಅವಳು ಬುಟ್ಟಿಯ ಬಟ್ಟೆಯ ಗಂಟನ್ನು ಬಿಚ್ಚುತ್ತಿದ್ದವಳು ನಿಲ್ಲಿಸಿದಳು. ಬುಟ್ಟಿ ಅಲ್ಲೇ ಬಿಟ್ಟು ಹೊರಗೆ ನಡೆದಳು. ಹೋದೇ ಬಿಟ್ಟಳು ಎಂದುಕೊಂಡೆ.

ಹೋಗಿರಲಿಲ್ಲ. ಹೊಸ್ತಿಲು ದಾಟಿ, ಕಟ್ಟೆ ಇಳಿದು, ಓಣಿಯಲ್ಲಿ ನಿಂತಿದ್ದಳು. ತಲೆಯ ಮೇಲೆ ಸೆರಗು ಹೊದ್ದುಕೊಂಡಳು, ಬೀಗರ ಮನೆಯ ಮುಂದೆ ನಿಂತವರ ಹಾಗೆ. ಹೊಲದಿಂದ ಮರಳಿ ಬರುತ್ತಿದ್ದ ಓಣಿಯ ಮಂದಿ ಬುಟ್ಟಿ ಹೊತ್ತುಕೊಂಡೇ ನಿಂತು ನೋಡಿದರು.

"ಬಾಯಾರ" ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಎಳ್ಳಮಾಸಿ ಅದರಿ. ನೀವು, ನಿಮ್ಮ ಮನಿಯವರು, ನಮ್ಮ ಹೊಲಕ್ಕ ಅಂಬಲಿ ಕುಡೀಲಾಕ ಬರಬೇಕ್ರಿ."

ಚಾಚಿ ತನ್ನ ಬಾಗಿಲಿನಿಂದ, "ಅರೆ, ಎಳ್ಳಮಾಸಿ ಮುಗೀತಲ್ಲ ಬೇಟಿ, ಕತ್ತಲಾಯ್ತು" ಎಂದಳು.

"ನೀವು ಸುಮ್ಮ ಇರ್ರಿ ಚಾಚಿ, ನಾ ಕರೀಲತ್ತೀನಿ" ಎಂದಳು ಆಕೆ, ನನ್ನ ಮೇಲಿನ ಕಣ್ಣು ತೆಗೆಯದೆ.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಹೊಲಕ್ಕೆ ಬಾ ಎಂದು ನಮ್ಮ ಹೊಸ್ತಿಲ ತನಕ ಯಾರೂ ಬಂದಿರಲಿಲ್ಲ, ನನ್ನ ತವರಿಗೂ ಬಂದಿರಲಿಲ್ಲ. ಇದನ್ನು ನೋಡಲು ಅವ್ವ ಇರಬೇಕಾಗಿತ್ತು.

"ಬರ್ತೇನ್ರಿ" ಎಂದೆ.