ಕಾಂಪೌಂಡಿನೊಳಗಿನ ಅಕ್ಕ

ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸುತ್ತಾರೆ. ತೆಲುಗು ಸೀಮೆಯ ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಹೋಗುವ ರಸ್ತೆಯ ಪಕ್ಕ, ನಮ್ಮ ಶೇಂಗಾ ಹೊಲದಲ್ಲಿ ಅಕ್ಕನನ್ನೂ ಹಾಗೇ ಕೂರಿಸಿ ಮಣ್ಣು ಮಾಡಿದರು. ಹಿಂದೂಪುರದಲ್ಲಿ ನೆಂಟರ ಮನೆಯಲ್ಲಿದ್ದು ಬಿ.ಎಸ್ಸಿ. ಮುಗಿಸಿ ಬಂದವಳು ಎಮ್ಮೆಸ್ಸಿ ಓದಲೇಬೇಕೆಂದು ಹಟ ಹಿಡಿದಿದ್ದಳು. ವಿಶ್ವವಿದ್ಯಾಲಯ ದೂರ, ಅಲ್ಲಿ ನಮ್ಮವರು ಯಾರೂ ಇಲ್ಲ, ಹೆಣ್ಣುಮಗಳನ್ನು ಒಬ್ಬಳೇ ಕಳಿಸುವುದು ಹೇಗೆ ಎಂದು ಅಪ್ಪ ತಡೆದರು. ಅದೇ ವರ್ಷ ಕಾಮಾಲೆಯಾಗಿ ಹೋಗಿಬಿಟ್ಟಳು. ಕಾಮಾಲೆಗೂ ಓದಿಗೂ ಏನು ಸಂಬಂಧ ಎಂದು ಊರೆಲ್ಲ ಅಪ್ಪನಿಗೆ ಸಮಾಧಾನ ಹೇಳಿತು. ಅವರು ತಲೆಯಾಡಿಸುತ್ತಿದ್ದರು, ಒಪ್ಪುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಅದೇ ವಿಶ್ವವಿದ್ಯಾಲಯದವರು ಕಲ್ಯಾಣದುರ್ಗದಲ್ಲಿ ಪೀಜಿ ಸೆಂಟರ್ ತೆರೆಯಲು ಜಾಗ ಹುಡುಕುತ್ತ ಬಂದರು. ಅಪ್ಪ ಯಾರನ್ನೂ ಕೇಳದೆ ಆ ಹೊಲವನ್ನೇ ದಾನ ಕೊಟ್ಟರು. ಸಮಾಧಿಯನ್ನು ಮುಟ್ಟಬಾರದು ಎಂಬುದೊಂದೇ ಷರತ್ತು.

"ಅವ್ಳನ್ನ ನಾನು ಅಲ್ಲಿಗೆ ಕಳಿಸ್ಲಿಲ್ಲ. ಈಗ ಅದೇ ಅವ್ಳತ್ರಕ್ಕೆ ಬತ್ತೈತೆ" ಎಂದರು ಅಮ್ಮನಿಗೆ.

ಶಂಕುಸ್ಥಾಪನೆಯ ದಿನ ದೊಡ್ಡ ಅಧಿಕಾರಿಯೊಬ್ಬರು ವಿಶ್ವವಿದ್ಯಾಲಯದ ಧ್ಯೇಯ, ಮೌಲ್ಯ, ಮುಂದಿನ ಕನಸುಗಳನ್ನೆಲ್ಲ ಇಂಗ್ಲಿಷಿನಲ್ಲಿ ಓದಿದರು. ಶಾಮಿಯಾನದ ಕೆಳಗೆ ಜನ ಆಕಳಿಸಿದರು. ಕೊನೆಗೆ ಕಾಗದ ಮಡಚಿಟ್ಟು, "ಈ ತಲುಪುಲು ಎವರಿಕೀ ಮೂಯಮು" ಎಂದು ತೆಲುಗಿನಲ್ಲಿ ಹೇಳಿದರು. ಈ ಬಾಗಿಲನ್ನು ಯಾರಿಗೂ ಮುಚ್ಚುವುದಿಲ್ಲ. ಅಷ್ಟು ಹೊತ್ತಿನ ಭಾಷಣದಲ್ಲಿ ಅಪ್ಪನ ಮನಸ್ಸಿಗಿಳಿದದ್ದು ಅದೊಂದೇ ಮಾತು.

ಕಾಂಪೌಂಡಿಗೆ ಗುರುತು ಹಾಕುವಾಗ ಎಂಜಿನಿಯರು ಸಮಾಧಿಯನ್ನು ಹೊರಗೆ ಬಿಟ್ಟೇ ಗೂಟ ಹೊಡೆಸಿದ್ದರು. ಅಪ್ಪ ಹೋಗಿ ಆ ಗೂಟಗಳನ್ನು ಕಿತ್ತು, ರಸ್ತೆಯ ಕಡೆಗೆ ಸರಿಸಿ ನೆಡಿಸಿಬಿಟ್ಟರು.

"ಅವ್ಳು ಗೋಡೆ ಒಳೀಕೆ ಹೋದ್ರೆ ಅಮಾಸೆ ಪೂಜೆಗೆ ನಾನೆಂಗೆ ಹೋಗ್ಲಿ?" ಎಂದಳು ಅಮ್ಮ.

"ಬಾಗ್ಲು ಯಾರ್ಗೂ ಮುಚ್ಚಲ್ಲ ಅಂತ ಅವ್ರೇ ಅಂದವ್ರಲ್ಲ. ಅವ್ಳು ಒಳಗಿರ್ಲಿ ಬಿಡು."

ತರಗತಿಗಳು ಶುರುವಾಗುವ ಹೊತ್ತಿಗೆ ಅಪ್ಪ ಬದುಕಿರಲಿಲ್ಲ. ಮೊದಲ ಅಮಾವಾಸ್ಯೆಗೇ ವಾಚ್‌ಮನ್ ಅಮ್ಮನನ್ನು ಗೇಟಿನಲ್ಲಿ ತಡೆದ. ಹೊರಗಿನವರು ಒಳಗೆ ಬರುವಂತಿಲ್ಲವಂತೆ. ಅಕ್ಕನಂತೆಯೇ ಹಿಂದೂಪುರದಲ್ಲಿ ಡಿಗ್ರಿ ಓದುತ್ತಿದ್ದವಳು ನಾನು, ಆಗ ರಜೆಗೆ ಬಂದಿದ್ದೆ. ಸಿಟ್ಟು ನೆತ್ತಿಗೇರಿ, ವಾಚ್‌ಮನ್ನನ್ನು ದಾಟಿಕೊಂಡು ಸೆಂಟರಿನ ಮುಖ್ಯಸ್ಥರ ಕೋಣೆಗೇ ನುಗ್ಗಿದೆ. ಅವರು ನನ್ನನ್ನು ಕೂರಿಸಿ ನೀರು ಕೊಟ್ಟರು. ಇವತ್ತು ನಿಮ್ಮ ಪೂಜೆ, ನಾಳೆ ಇನ್ನೊಬ್ಬರದು, ಯಾವ ಧರ್ಮದ ಪೂಜೆಯೂ ಇಲ್ಲಿ ನಡೆಯಬಾರದು ಎಂಬುದು ನಮ್ಮ ಮೌಲ್ಯ ಎಂದು ಮೆತ್ತಗೆ ಹೇಳಿದರು. ಆ ಮಾತು ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಒಳಗೆ ಹೋಗಲು ಉಳಿದಿದ್ದದ್ದು ಒಂದೇ ದಾರಿ. ಡಿಗ್ರಿ ಮುಗಿಸಿ ಅಲ್ಲಿಗೇ ಸೇರಿದೆ, ಅಕ್ಕ ಓದಬೇಕೆಂದಿದ್ದ ಸಸ್ಯಶಾಸ್ತ್ರಕ್ಕೆ. ಓದಿನ ಆಸೆಯಿಂದ ಸೇರಿದೆ ಎಂದರೆ ಸುಳ್ಳಾಗುತ್ತದೆ.

ನಮ್ಮ ಕ್ಲಾಸಿನ ಕೊನೆಯ ಬೆಂಚಿನ ಕಿಟಕಿಯಿಂದ ಸಮಾಧಿ ಕಾಣುತ್ತಿತ್ತು. ಉಳಿದ ಹುಡುಗಿಯರು ಅಲ್ಲಿ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಯಾರೋ ಉಸಿರಾಡಿದ ಹಾಗಾಗುತ್ತದಂತೆ. ದೆವ್ವಗಿವ್ವ ಎಲ್ಲ ಸುಳ್ಳು ಎಂದು ಅವರ ಹತ್ತಿರ ಜಗಳವಾಡಿ ನಾನೇ ಹೋಗಿ ಕೂತೆ. ಕೂತವಳು ಏಕೋ ಗೋಡೆಯ ಕಡೆಗೆ ಸರಿದು ಇನ್ನೊಬ್ಬರಿಗೆ ಜಾಗ ಬಿಟ್ಟೆ. ಆಮೇಲೆ ಅದೇ ಅಭ್ಯಾಸವಾಯಿತು. ನೋಟ್ಸ್ ಬರೆಸುವಾಗ ಯಾರೋ ಬಗ್ಗಿ ನೋಡಿದಂತಾಗಿ ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೆ. ಭಯವಾಗುತ್ತಿತ್ತು. ಪಕ್ಕದ ಜಾಗ ಬರೀ ಖಾಲಿ ಎನಿಸಿದ ದಿನ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಅಮಾವಾಸ್ಯೆಯ ದಿನ ಅಮ್ಮ ಗೇಟಿನವರೆಗೆ ಬಂದು ಕಣಗಿಲೆ ಹೂವನ್ನು ನನ್ನ ಬ್ಯಾಗಿಗೆ ಹಾಕುತ್ತಿದ್ದಳು. ಊಟದ ಬಿಡುವಿನಲ್ಲಿ ನಾನು ಅದನ್ನು ಸಮಾಧಿಯ ಮೇಲಿಟ್ಟು ಬರುತ್ತಿದ್ದೆ. ದೀಪವಿಲ್ಲ, ಕಾಯಿಯಿಲ್ಲ. ಅಮ್ಮ ಸಂಜೆಯವರೆಗೂ ಹೊರಗಿನ ಬೇವಿನ ಮರದ ಕೆಳಗೇ ಕೂತಿರುತ್ತಿದ್ದಳು. ನಾನು ಬಂದರೆ ಹೂವಿನ ಮಾತೆತ್ತದೆ, "ಇವತ್ತು ಏನು ಪಾಠ ಆಯ್ತು?" ಎಂದು ಕೇಳುತ್ತಿದ್ದಳು. ಒಮ್ಮೆ, ಬೇರಿನ ಪಾಠ ಎಂದೆ.

"ಅದು ಅವ್ಳಿಗೆ ಗೊತ್ತಿರ್ತದೆ" ಎಂದಳು, ಗೋಡೆಯ ಕಡೆ ನೋಡುತ್ತ.

ಕೊನೆಯ ಪರೀಕ್ಷೆ ಮುಗಿದ ದಿನ ಆಫೀಸಿನವರು ನನ್ನ ಐಡಿ ಕಾರ್ಡ್ ವಾಪಸ್ ತೆಗೆದುಕೊಂಡರು. ಗೇಟಿನಲ್ಲಿ ವಾಚ್‌ಮನ್, ಇನ್ನು ಮೇಲೆ ನೀವೂ ಒಳಗೆ ಬರುವಂತಿಲ್ಲಮ್ಮ ಎಂದು ನೆಲ ನೋಡುತ್ತ ಹೇಳಿ ಗೇಟೆಳೆದುಕೊಂಡ. ಅಂದು ಅಮಾವಾಸ್ಯೆಯಲ್ಲ, ಆದರೂ ಅಮ್ಮ ಮರದ ಕೆಳಗಿದ್ದಳು. ಬಾ ಹೋಗೋಣ, ಬಸ್ಸಿಗೆ ಹೊತ್ತಾಯ್ತು ಎಂದೆ. ಅವಳು ಏಳಲಿಲ್ಲ.

"ನಿಂದು ಮುಗೀತು" ಎಂದಳು. "ಅವ್ಳ್ದು ಯಾವಾಗ ಮುಗೀತದೆ ಕಣಮ್ಮ?"